ಯಾದವಗಿರಿಯ ಹೊಗೆ: ಕಾರಿನ 'ಕ್ಯಾಟ್' ತೆಗೆಸಿದ್ರೆ ನಿಜವಾಗ್ಲೂ ಪವರ್ ಬರುತ್ತಾ?

(ಸಂಚಿಕೆಯ ಬರಹ ರೂಪ. ಓದೋದಕ್ಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದೇ ಒಂದು ಪ್ರಶ್ನೆಯಿಂದ. ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ನನಗೆ ಕಳಿಸ್ತಾನೇ ಇರೋ ಪ್ರಶ್ನೆ ಅದು: "ಬ್ರೋ, ಕಾರಿನ ಕ್ಯಾಟ್ ತೆಗೆಸಿದ್ರೆ ಎಷ್ಟು ಪವರ್ ಜಾಸ್ತಿ ಆಗುತ್ತೆ?"

ಕ್ಯಾಟ್ ಅಂದ್ರೆ ಕೆಟಲಿಟಿಕ್ ಕನ್ವರ್ಟರ್. ಎಂಜಿನ್‌ನಿಂದ ಹೊಗೆ ಹೊರಗೆ ಬರೋ ಪೈಪಿನ ಮಧ್ಯೆ, ಸೈಲೆನ್ಸರ್‌ಗಿಂತ ಮೊದಲು ಕೂತಿರೋ ಒಂದು ಸ್ಟೀಲ್ ಡಬ್ಬಿ. ವಿಷದ ಅನಿಲಗಳನ್ನ ಕಡಿಮೆ ಹಾನಿಯ ಅನಿಲಗಳಾಗಿ ಬದಲಾಯಿಸೋದು ಅದರ ಕೆಲಸ. ಕಾರ್ ಹುಚ್ಚಿರೋ ಹುಡುಗರ ನಡುವೆ ಒಂದು ನಂಬಿಕೆ ಇದೆ. ಆ ಡಬ್ಬಿ ಎಂಜಿನ್ನಿನ ಉಸಿರು ಕಟ್ಟಿಸುತ್ತೆ, ಅದನ್ನ ಕತ್ತರಿಸಿ ನೇರ ಪೈಪ್ ಹಾಕಿದ್ರೆ ಗಾಡಿ ಹಾರುತ್ತೆ ಅಂತ.

ಚಿಕ್ಕ ಉತ್ತರ ಬೇಕಾದ್ರೆ ಈಗಲೇ ಹೇಳ್ತೀನಿ. ಇವತ್ತಿನ ಮಾಮೂಲಿ ಕಾರಿನಲ್ಲಿ ಬರೋದು ಶಬ್ದ. ಪವರ್ ಬಂದ್ರೂ ಸೀಟಿನಲ್ಲಿ ಕೂತವರಿಗೆ ಗೊತ್ತಾಗದಷ್ಟು. ಜೊತೆಗೆ ಅದು ಕಾನೂನಿಗೆ ವಿರುದ್ಧ. ಇಷ್ಟು ಸಾಕು ಅನ್ನೋರು ಇಲ್ಲಿಗೇ ನಿಲ್ಲಿಸಬಹುದು.

ಆದ್ರೆ ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ವಿಷಯ. ಇಷ್ಟು ಜನ ಇದನ್ನ ನಂಬ್ತಾರೆ ಅಂದ್ರೆ ಆ ನಂಬಿಕೆ ಎಲ್ಲಿಂದಲೋ ಬಂದಿರಬೇಕು ಅಲ್ವಾ? ಹುಡುಕ್ತಾ ಹೋದ್ರೆ ಅದರ ಒಂದು ಬೇರು ನಮ್ಮ ಮೈಸೂರಿನಲ್ಲೇ, ಯಾದವಗಿರಿಯಲ್ಲೇ ಸಿಗುತ್ತೆ.

ಎರಡು ಸೈಲೆನ್ಸರ್‌ನ ಊರು

1961. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಉದ್ಘಾಟನೆ. ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರೂ ಹೌದು. ಕಂಪನಿ ಶುರು ಮಾಡಿದವರು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ. ತಂತ್ರಜ್ಞಾನ ಅವತ್ತಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯದ್ದು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಅಂತ ಬದಲಾಯ್ತು. ರೋಡ್‌ಕಿಂಗ್ ಬಂತು. ಮೈಸೂರಿನಲ್ಲಿ ತಯಾರಾದ ಬೈಕುಗಳು ಹೊರದೇಶಗಳಿಗೂ ಹೋದವು.

ಯೆಜ್ಡಿ 250 ನೋಡಿದ್ದೀರಾ? ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಲಿವರೇ ಮುಂದಕ್ಕೆ ತಿರುಗಿಸಿದ್ರೆ ಗೇರ್ ಲಿವರ್. ಇವತ್ತಿಗೂ ಜುಲೈನಲ್ಲಿ ಜಾವಾ ದಿನ ಅಂತ ಮಾಡಿಕೊಂಡು ಹಳೇ ಗಾಡಿಗಳನ್ನ ಸಾಲಾಗಿ ಓಡಿಸೋರು ಇದ್ದಾರೆ. ಆ ಸಾಲು ಹಾದು ಹೋದ ಮೇಲೆ ರಸ್ತೆಯಲ್ಲಿ ಎರಡು ವಸ್ತು ಉಳಿಯುತ್ತವೆ: ಒಂದು ಶಬ್ದದ ನೆನಪು, ಇನ್ನೊಂದು ನೀಲಿ ಹೊಗೆ. ಇವೆರಡಕ್ಕೂ ಮೂಲ ಟೂ-ಸ್ಟ್ರೋಕ್ ಎಂಜಿನ್.

ಸೈಲೆನ್ಸರ್ ಬದಲಾಯಿಸಿದ್ರೆ ಪವರ್ ಬದಲಾಗುತ್ತೆ ಅನ್ನೋ ಮಾತು ಟೂ-ಸ್ಟ್ರೋಕ್‌ನಲ್ಲಿ ನೂರಕ್ಕೆ ನೂರು ನಿಜ. ನಾವು ಅಂದುಕೊಂಡಿರೋದಕ್ಕಿಂತ ಹೆಚ್ಚು ನಿಜ.

ಪೈಪಿನ ಒಳಗಿನ ಗುಟ್ಟು

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಬಾಗಿಲು ತೆಗೆದು ಮುಚ್ಚೋ ವಾಲ್ವ್‌ಗಳಿಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡ್ತಾ ಅವುಗಳನ್ನ ತೆಗೆದು ಮುಚ್ಚುತ್ತೆ. ಹಳೇ ಹೊಗೆ ಹೊರಗೆ ಹೋಗೋದು, ಹೊಸ ಪೆಟ್ರೋಲ್-ಗಾಳಿ ಮಿಶ್ರಣ ಒಳಗೆ ಬರೋದು ಹೆಚ್ಚು ಕಡಿಮೆ ಒಂದೇ ಸಮಯಕ್ಕೆ. ಹಬ್ಬದ ದಿನ ಸಿಟಿ ಬಸ್‌ನಲ್ಲಿ ಇಳಿಯೋರು ಹತ್ತೋರು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. ಆ ಗಲಾಟೆಯಲ್ಲಿ ಈಗಷ್ಟೇ ಹತ್ತಿದವರು ಕೂಡ ಒಂದಷ್ಟು ಜನ ಹೊರಗೆ ಬೀಳ್ತಾರೆ. ಅಂದ್ರೆ ಉರಿಯದೇ ಇರೋ ಪೆಟ್ರೋಲ್ ನೇರವಾಗಿ ಸೈಲೆನ್ಸರ್‌ಗೆ ಹೋಗುತ್ತೆ. ಹಳೇ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್‌ಗಳಲ್ಲಿ ಕೆಲವೊಮ್ಮೆ ಶೇ 30ರವರೆಗೂ ಹೀಗೆ ಸೋರಿಹೋಗ್ತಿತ್ತು.

ಇದನ್ನ ತಡೆಯೋ ಉಪಾಯವನ್ನ ರೇಸ್‌ನಲ್ಲಿ ಪಳಗಿಸಿದ್ದು ಪೂರ್ವ ಜರ್ಮನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಎಂಝೆಡ್ ಕಂಪನಿಯ ರೇಸ್ ಬೈಕುಗಳಿಗೆ 1950ರ ದಶಕದಲ್ಲಿ ಆತ ಮಾಡಿದ ಪೈಪ್ ಮಧ್ಯದಲ್ಲಿ ಹೊಟ್ಟೆ ಉಬ್ಬಿದ ಹಾಗೆ ದಪ್ಪ, ಕೊನೆಯಲ್ಲಿ ಸಣ್ಣ. ಹೊಗೆಯ ಜೊತೆ ಹೊರಟ ಒತ್ತಡದ ಅಲೆ ಆ ಸಣ್ಣ ತುದಿಗೆ ಬಡಿದು ವಾಪಸ್ ಬರುತ್ತೆ. ಸೋರಿಹೋಗ್ತಿದ್ದ ಪೆಟ್ರೋಲನ್ನ ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತೆ. ಗಾಳಿಯ ಅಲೆಯೇ ಇಲ್ಲಿ ಬಾಗಿಲು!

1961ರಲ್ಲಿ, ಅಂದ್ರೆ ಮೈಸೂರಿನ ಫ್ಯಾಕ್ಟರಿ ಶುರುವಾದ ವರ್ಷವೇ, ಅದೇ ತಂಡದ ರೈಡರ್ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸ್‌ಗೆ ಹೋದವನು ವಾಪಸ್ ಹೋಗಲಿಲ್ಲ. ಪಶ್ಚಿಮಕ್ಕೆ ಓಡಿಬಂದ. ಆ ವಿದ್ಯೆ ತಗೊಂಡು ಸುಝುಕಿ ಸೇರಿದ. ಮರುವರ್ಷವೇ ಸುಝುಕಿಯಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದ. ಮುಂದೆ ಜಪಾನಿನ ಟೂ-ಸ್ಟ್ರೋಕ್‌ಗಳು ಜಗತ್ತನ್ನ ಆಳಿದ್ದರ ಹಿಂದೆ ಈ ಪೈಪಿನ ಲೆಕ್ಕ ಇದೆ. ನಮ್ಮ ಹುಡುಗರು ಇವತ್ತಿಗೂ ಕೊಂಡಾಡೋ ಆರ್‌ಎಕ್ಸ್ 100 ಆ ವಂಶದ ಕೂಸು.

ಈಗ ಗ್ಯಾರೇಜ್‌ಗೆ ಬನ್ನಿ. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುತ್ತೆ. ಹಾಗಾಗಿ ಸೈಲೆನ್ಸರ್ ಒಳಗೆ ಮಸಿ ಕಟ್ಟುತ್ತೆ. ಕಟ್ಟಿದಾಗ ಗಾಡಿ ಎಳೆಯೋದಿಲ್ಲ. ಮೆಕ್ಯಾನಿಕ್ ಒಳಗಿನ ಬ್ಯಾಫಲ್ ಬಿಚ್ಚಿ, ಮಸಿ ಸುಟ್ಟು ಕೆರೆದು ಹಾಕಿದ್ರೆ ಗಾಡಿಗೆ ಮತ್ತೆ ಜೀವ ಬರ್ತಿತ್ತು. ಇದು ಕಣ್ಣಾರೆ ಕಂಡ ಸತ್ಯ. "ಸೈಲೆನ್ಸರ್ ಕ್ಲೀನ್ ಆದ್ರೆ ಗಾಡಿ ಓಡುತ್ತೆ" ಅನ್ನೋದು ಒಂದು ಇಡೀ ತಲೆಮಾರಿನ ಮೆಕ್ಯಾನಿಕ್‌ಗಳ ಅನುಭವ. ಗುರುವಿಂದ ಶಿಷ್ಯನಿಗೆ ಆ ಮಾತು ಬಂತು. ಬರ್ತಾ ಬರ್ತಾ "ಸೈಲೆನ್ಸರ್ ಒಳಗೆ ಏನಿದ್ರೂ ಅದು ಅಡ್ಡಿ" ಅಂತಾಯ್ತು. ಎಂಜಿನ್ ಬದಲಾಯ್ತು, ಮಾತು ಹಾಗೇ ಉಳೀತು.

ರೇಸ್ ಹುಚ್ಚನ ಡಬ್ಬಿ

ಈಗ ಆ ಡಬ್ಬಿಯ ಕಥೆ. ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಮಾಡೋಕೆ ಮೊದಲು ಹೊರಟವರಲ್ಲಿ ಮುಖ್ಯ ಹೆಸರು ಯೂಜೀನ್ ಹೌಡ್ರಿ. ಫ್ರಾನ್ಸಿನವನು, ಆಮೇಲೆ ಅಮೆರಿಕಕ್ಕೆ ಹೋದ. ತಮಾಷೆ ಏನು ಗೊತ್ತಾ? ಈತನಿಗೆ ರೇಸ್ ಕಾರುಗಳ ಹುಚ್ಚು. ಒಳ್ಳೇ ಪೆಟ್ರೋಲ್ ಮಾಡೋ ಸಂಶೋಧನೆಗೆ ಇಳಿದಿದ್ದಕ್ಕೂ ಆ ಹುಚ್ಚೇ ಒಂದು ಕಾರಣ. ಇವತ್ತು ಸ್ಪೀಡ್ ಪ್ರಿಯರು ಕಿತ್ತು ಬಿಸಾಕೋ ವಸ್ತುವನ್ನ ರೂಪಿಸಿದವನು ಒಬ್ಬ ಸ್ಪೀಡ್ ಪ್ರಿಯ. ಲಾಸ್ ಏಂಜಲೀಸ್‌ನ ಹೊಗೆಮಂಜಿನ ವಿಷಯ ತಿಳಿದ ಮೇಲೆ ಅವನು ಈ ಕೆಲಸ ಕೈಗೆತ್ತಿಕೊಂಡ. 1950ರ ದಶಕದಲ್ಲಿ ಪೇಟೆಂಟ್ ಕೂಡ ಸಿಕ್ಕಿತು.

ಆದ್ರೆ ಅದು ರಸ್ತೆಗೆ ಇಳಿಯಲಿಲ್ಲ. ಕಾರಣ ಸೀಸ. 1921ರಲ್ಲಿ ಥಾಮಸ್ ಮಿಜ್ಲಿ ಅನ್ನೋ ಎಂಜಿನಿಯರ್, ಪೆಟ್ರೋಲ್‌ಗೆ ಸೀಸದ ಒಂದು ಸಂಯುಕ್ತ ಸೇರಿಸಿದ್ರೆ ಎಂಜಿನ್ 'ನಾಕಿಂಗ್' ನಿಲ್ಲುತ್ತೆ ಅಂತ ಕಂಡುಹಿಡಿದಿದ್ದ. ಜಗತ್ತಿಡೀ ಸೀಸದ ಪೆಟ್ರೋಲ್ ಸುಡ್ತಿತ್ತು. ಆ ಸೀಸ ಕನ್ವರ್ಟರ್ ಒಳಗಿನ ಲೋಹದ ಮೇಲೆ ಪದರ ಕಟ್ಟಿ ಅದನ್ನ ಸಾಯಿಸ್ತಿತ್ತು.

ಅಮೆರಿಕದಲ್ಲಿ 1970ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೆ ಕಾರು ಕಂಪನಿಗಳಿಗೆ ಬೇರೆ ದಾರಿ ಉಳಿಯಲಿಲ್ಲ. 1975ರ ಮಾಡೆಲ್ ಕಾರುಗಳಿಗೆ ಕನ್ವರ್ಟರ್ ಬಂತು. ಜೊತೆಗೆ ಸೀಸವಿಲ್ಲದ ಪೆಟ್ರೋಲ್ ಬಂತು. ಒಂದು ಡಬ್ಬಿಗೋಸ್ಕರ ಇಡೀ ದೇಶದ ಪೆಟ್ರೋಲ್ ಬದಲಾಯ್ತು!

ಒಳಗೆ ಏನಿದೆ ಅಂತ ಕೇಳಿದ್ರೆ, ಜೇನುಗೂಡಿನ ಹಾಗೆ ಸಾವಿರಾರು ಸಣ್ಣ ಕೊಳವೆಗಳಿರೋ ಸೆರಾಮಿಕ್ ಇಟ್ಟಿಗೆ. ಅದರ ಗೋಡೆಗಳ ಮೇಲೆ ತೆಳುವಾಗಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಬಿಸಿ ಹೊಗೆ ಅದರ ಮೂಲಕ ಹಾದಾಗ ಕಾರ್ಬನ್ ಮೊನಾಕ್ಸೈಡ್ ಹೋಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಉರಿಯದ ಪೆಟ್ರೋಲ್ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತೆ. ನೈಟ್ರೋಜನ್ ಆಕ್ಸೈಡ್ ಮಾಮೂಲಿ ನೈಟ್ರೋಜನ್ ಆಗುತ್ತೆ. ಮೂರೂ ಕೆಲಸ ಒಟ್ಟಿಗೆ ಆಗಬೇಕಾದ್ರೆ 1 ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ ಅನ್ನೋ ಲೆಕ್ಕ ತಪ್ಪಬಾರದು. ಆ ಲೆಕ್ಕ ಕಾಯೋಕೆ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್. ಸೆನ್ಸರ್ ಹೇಳಿದ್ದನ್ನ ಕೇಳಿ ಪೆಟ್ರೋಲ್ ಅಳೆಯೋಕೆ ಕಂಪ್ಯೂಟರ್. ನಿಮ್ಮ ಕಾರು ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಒಳ್ಳೇ ಮೈಲೇಜ್ ಕೊಡುತ್ತಲ್ಲ, ಅದಕ್ಕೆ ಬೇಕಾದ ತಂತ್ರಜ್ಞಾನವನ್ನ ಬೇಗ ಬೇಗ ಬೆಳೆಸಿದ್ದರಲ್ಲಿ ಈ ಡಬ್ಬಿಯ ಪಾಲು ದೊಡ್ಡದು.

ಲೆಕ್ಕ ಬದಲಾದ ವರ್ಷಗಳು

ಹಾಗಾದ್ರೆ "ಕ್ಯಾಟ್ ಪವರ್ ತಿನ್ನುತ್ತೆ" ಅನ್ನೋ ಮಾತು? ಅದಕ್ಕೂ ಒಂದು ಕಾಲದಲ್ಲಿ ಆಧಾರ ಇತ್ತು. ಅಮೆರಿಕದ ಕಾರ್ವೆಟ್ ಕಾರು ತಗೊಳ್ಳಿ. 1970ರಲ್ಲಿ ಅದರ ಸಾಮಾನ್ಯ ಎಂಜಿನ್ 300 ಹಾರ್ಸ್‌ಪವರ್ ಅಂತ ಬ್ರೋಶರ್‌ನಲ್ಲಿತ್ತು. 1975ರಲ್ಲಿ, ಕನ್ವರ್ಟರ್ ಬಂದ ವರ್ಷ, 165. ಯಾರಿಗಾದ್ರೂ ಏನನ್ನಿಸುತ್ತೆ? ಡಬ್ಬಿ 135 ಕುದುರೆ ತಿಂದುಬಿಡ್ತು!

ನಾನು ಓದಿದ್ದು ಬಿ.ಕಾಂ. ಈ ಥರ ಅಂಕಿ ನೋಡಿದ ತಕ್ಷಣ ನಮ್ಮ ತಲೆಗೆ ಬರೋ ಮೊದಲ ಪ್ರಶ್ನೆ: ನಡುವೆ ಲೆಕ್ಕದ ಪದ್ಧತಿ ಏನಾದ್ರೂ ಬದಲಾಯ್ತಾ? ಇಲ್ಲಿ ಆಗಿದ್ದು ಅದೇ. ಮೊದಲು ಎಂಜಿನ್ನನ್ನ ಬರೀ ಸ್ಟ್ಯಾಂಡ್ ಮೇಲಿಟ್ಟು, ಸೈಲೆನ್ಸರ್ ಇತ್ಯಾದಿ ಇಲ್ಲದೆ ಅಳೀತಿದ್ರು. ಅದು ಗ್ರಾಸ್. 1972ರ ಹೊತ್ತಿಗೆ ಕಾರಿನಲ್ಲಿರೋ ಹಾಗೇ ಎಲ್ಲ ಭಾಗ ಜೋಡಿಸಿ ಅಳೆಯೋಕೆ ಶುರು ಮಾಡಿದ್ರು. ಅದು ನೆಟ್. ಗ್ರಾಸ್ ಸಂಬಳ, ಕೈಗೆ ಬರೋ ಸಂಬಳದ ವ್ಯತ್ಯಾಸ ಇದ್ದ ಹಾಗೆ. ಇದರ ಮೇಲೆ ಕಂಪನಿಗಳು ಎಂಜಿನ್‌ನ ಕಂಪ್ರೆಷನ್ ಕೂಡ ಇಳಿಸಿದ್ವು. ಈ ಎರಡರ ನಂತರ ಡಬ್ಬಿಯ ಪಾಲು ಬರುತ್ತೆ. ಆಗಿನ ಕೆಲವು ಕನ್ವರ್ಟರ್‌ಗಳಲ್ಲಿ ಜೇನುಗೂಡಿನ ಬದಲು ಸಣ್ಣ ಗುಂಡುಗಳನ್ನ ತುಂಬಿರ್ತಿದ್ರು, ಹೊಗೆ ಹಾಯೋದು ನಿಜಕ್ಕೂ ಕಷ್ಟ ಆಗ್ತಿತ್ತು. ಮೂರು ಕಾರಣಗಳ ತಪ್ಪು ಒಂದೇ ಡಬ್ಬಿಯ ತಲೆಗೆ ಬಂತು.

ಅಂದ್ರೆ ಇವತ್ತು ರೀಲ್ಸ್‌ನಲ್ಲಿ ಕೇಳೋ ಸಲಹೆಯ ಹಿಂದೆ ಎರಡು ಹಳೇ ಅನುಭವಗಳಿವೆ. ಒಂದು ನಮ್ಮ ಟೂ-ಸ್ಟ್ರೋಕ್ ಗ್ಯಾರೇಜಿನದು. ಇನ್ನೊಂದು 1975ರ ಅಮೆರಿಕದ್ದು. ಎರಡೂ ಅವುಗಳ ಕಾಲಕ್ಕೆ ಸರಿ. ನಿಮ್ಮ ಮನೆ ಮುಂದೆ ನಿಂತಿರೋ ಬಿಎಸ್-6 ಕಾರು ಆ ಎರಡೂ ಅಲ್ಲ.

1996, ಮೈಸೂರು

ಭಾರತಕ್ಕೆ ಈ ಡಬ್ಬಿ ಬಂದಿದ್ದು ತಡವಾಗಿ. ಎಂ.ಸಿ. ಮೆಹ್ತಾ ಅನ್ನೋ ವಕೀಲರು 1985ರಲ್ಲಿ ವಾಹನಗಳ ಹೊಗೆ ಬಗ್ಗೆ ಸುಪ್ರೀಂ ಕೋರ್ಟ್‌ಗೆ ಹೋದ್ರು. ವರ್ಷಗಟ್ಟಲೆ ವಿಚಾರಣೆ. ಕೊನೆಗೆ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಯಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಆಯ್ತು. ಅಲ್ಲಿ ಸೀಸವಿಲ್ಲದ ಪೆಟ್ರೋಲ್ ಕೂಡ ಬಂತು. ದೇಶದ ಎಲ್ಲ ಕಡೆ ಸೀಸ ಹೋಗಿದ್ದು 2000ದಲ್ಲಿ.

ಅದಕ್ಕೆ ಸ್ವಲ್ಪ ಮುಂಚೆ, 1999ರಲ್ಲಿ, ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತ್ತು. ಪರೀಕ್ಷೆ ಮಾಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಆಗಿನ ಮಿತಿಗಿಂತ ಜಾಸ್ತಿ ಇತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಹೋರಾಟದ ದೊಡ್ಡ ಹೆಸರು. ನನ್ನ ವಯಸ್ಸಿನವರು ಹುಟ್ಟಿದ್ದು ಆ ಗಾಳಿಯಲ್ಲೇ.

ಟೂ-ಸ್ಟ್ರೋಕ್ ಬೈಕ್‌ಗಳ ವಿಷಯ ಏನಾಯ್ತು? ಅಂಕಿ ನೋಡಿ. 1991ರಲ್ಲಿ ಮೊದಲ ಮಿತಿ ಬಂದಾಗ ಒಂದು ದ್ವಿಚಕ್ರ ವಾಹನ ಕಿಲೋಮೀಟರ್‌ಗೆ 12ರಿಂದ 30 ಗ್ರಾಂ ಕಾರ್ಬನ್ ಮೊನಾಕ್ಸೈಡ್ ಬಿಡಬಹುದಿತ್ತು. 1996ರಲ್ಲಿ 4.5 ಗ್ರಾಂ. 2000ದಲ್ಲಿ 2. 2020ರ ಬಿಎಸ್-6ನಲ್ಲಿ 1. ಉರಿಯದ ಇಂಧನದ್ದು ಇನ್ನೂ ಜೋರು: 1991ರಲ್ಲಿ 8ರಿಂದ 12 ಗ್ರಾಂ ಇದ್ದ ಮಿತಿ ಈಗ 0.1 ಗ್ರಾಂ. ಪರೀಕ್ಷೆಯ ವಿಧಾನ ನಡುವೆ ಬದಲಾಗಿದೆ, ಹಾಗಾಗಿ ನೇರ ಭಾಗಾಕಾರ ಮಾಡೋಕಾಗಲ್ಲ. ಆದ್ರೂ ಇಳಿಜಾರು ಎಷ್ಟು ಕಡಿದು ಅಂತ ಗೊತ್ತಾಗುತ್ತೆ.

1996ರಲ್ಲಿ ಆರ್‌ಎಕ್ಸ್ 100 ತಯಾರಿಕೆ ನಿಂತಿತು. ಅದೇ ವರ್ಷ ಯಾದವಗಿರಿಯ ಐಡಿಯಲ್ ಜಾವಾ ಕೂಡ ಬಾಗಿಲು ಹಾಕಿತು.

ಇಲ್ಲಿ ಒಂದು ಎಚ್ಚರಿಕೆ. "ಹೊಗೆ ನಿಯಮ ಜಾವಾನ ಕೊಂದಿತು" ಅಂತ ಒಂದೇ ಸಾಲಲ್ಲಿ ಹೇಳಿದ್ರೆ ಕಥೆ ಚೆನ್ನಾಗಿರುತ್ತೆ, ಪೂರ್ತಿ ನಿಜ ಆಗಲ್ಲ. 1985ರಿಂದ ಹೀರೋ ಹೋಂಡಾದಂಥ 100 ಸಿಸಿ ಫೋರ್-ಸ್ಟ್ರೋಕ್ ಗಾಡಿಗಳು ಮೈಲೇಜ್ ವಿಷಯದಲ್ಲಿ ಯೆಜ್ಡಿಯನ್ನ ತುಂಬಾ ಹಿಂದೆ ಹಾಕಿದ್ವು. ಕಂಪನಿಯ ಹಣಕಾಸು ಕೆಟ್ಟಿತ್ತು, ಕಾರ್ಮಿಕರ ಜೊತೆ ಜಗಳ ಇತ್ತು. ಹೊಗೆಯ ನಿಯಮ ಇಷ್ಟೆಲ್ಲದರ ಮೇಲೆ ಬಿದ್ದ ಭಾರ. ದುಡ್ಡಿದ್ದ ಕಂಪನಿಗಳು ಹೊಸ ಎಂಜಿನ್ ಮಾಡಿದ್ವು. ಕೆಲವು ಕಂಪನಿಗಳು ಮುಂದೆ ಟೂ-ಸ್ಟ್ರೋಕ್‌ಗೂ ಕನ್ವರ್ಟರ್ ಹಾಕಿ ಕೆಲವು ವರ್ಷ ತಳ್ಳಿದ್ವು. ಐಡಿಯಲ್ ಜಾವಾಗೆ ಅದು ಆಗಲಿಲ್ಲ.

ಕಾರಣ ಏನೇ ಇರಲಿ, ಬಿಲ್ ಬಂದಿದ್ದು ಕಾರ್ಮಿಕರ ಮನೆಗೆ. ಮೂವತ್ತೈದು ವರ್ಷ ಈ ಊರಿನ ಸಂಬಳ, ಮದುವೆ, ಸೈಟು, ಮಕ್ಕಳ ಫೀಸು ಎಲ್ಲದಕ್ಕೂ ಆಧಾರವಾಗಿದ್ದ ಒಂದು ಗೇಟು ಮುಚ್ಚಿತು. ಶುದ್ಧ ಗಾಳಿ ಪುಕ್ಕಟೆ ಬರಲಿಲ್ಲ. ಅದರ ಬೆಲೆಯ ಒಂದು ಪಾಲನ್ನ ಮೈಸೂರು ಕೊಟ್ಟಿದೆ.

2018ರಲ್ಲಿ ಜಾವಾ ಹೆಸರು ವಾಪಸ್ ಬಂತು, 2022ರಲ್ಲಿ ಯೆಜ್ಡಿ. ಬೇರೆ ಕಂಪನಿ, ಬೇರೆ ಊರಿನ ಫ್ಯಾಕ್ಟರಿ, ಫೋರ್-ಸ್ಟ್ರೋಕ್ ಎಂಜಿನ್. ಎರಡು ಸೈಲೆನ್ಸರ್‌ನ ಆ ಹಳೇ ನೋಟ ಕೆಲವು ಮಾಡೆಲ್‌ಗಳಲ್ಲಿ ಇದೆ. ಒಳಗಡೆ ಕೆಟಲಿಟಿಕ್ ಕನ್ವರ್ಟರ್ ಕೂಡ ಇದೆ.

ಈಗ ಲಾಭ-ನಷ್ಟ ಹಾಕೋಣ

ಕ್ಯಾಟ್ ತೆಗೆಸಿದವನ ಖಾತೆ ಬರೆಯೋಣ. ಜಮಾ ಕಡೆ: ಶಬ್ದ. ಟರ್ಬೊ ಕಾರಾದ್ರೆ, ಕಂಪ್ಯೂಟರ್ ಕೂಡ ಬದಲಾಯಿಸಿದ್ರೆ ಒಂದಷ್ಟು ಪವರ್ ಬರುತ್ತೆ, ನಿಜ. ಆದ್ರೆ ಅದರಲ್ಲಿ ದೊಡ್ಡ ಪಾಲು ಕಂಪ್ಯೂಟರ್ ಬದಲಾವಣೆಯದ್ದು. ಮಾಮೂಲಿ ಹ್ಯಾಚ್‌ಬ್ಯಾಕ್‌ನಲ್ಲಿ ನಾಲ್ಕು ಜನ ಹತ್ತೋ ಬದಲು ಮೂರು ಜನ ಹತ್ತಿದ್ರೆ ಸಿಗೋ ಚುರುಕು ಇದಕ್ಕಿಂತ ಜಾಸ್ತಿ.

ಖರ್ಚಿನ ಕಡೆ: ಕನ್ವರ್ಟರ್ ಆದ ಮೇಲೆ ಇರೋ ಸೆನ್ಸರ್ ತಪ್ಪು ಹಿಡಿಯುತ್ತೆ, ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಹತ್ತುತ್ತೆ. ವಾರಂಟಿ ತಗಾದೆ. ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಾಲಿನ್ಯ ಮತ್ತು ಶಬ್ದದ ಮಿತಿ ಮೀರಿದ್ರೆ 10,000 ರೂಪಾಯಿವರೆಗೆ ದಂಡ, ಲೈಸೆನ್ಸ್ ಮೂರು ತಿಂಗಳು ಅಮಾನತು ಆಗಬಹುದು.

"ಎಮಿಷನ್ ಟೆಸ್ಟ್ ಪಾಸ್ ಆಯ್ತಲ್ಲ" ಅಂತೀರಾ? ಪೆಟ್ರೋಲ್ ಗಾಡಿಯ ಆ ಪರೀಕ್ಷೆ ನಿಂತ ಗಾಡಿಯಲ್ಲಿ ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್ ಮತ್ತು ಉರಿಯದ ಇಂಧನ ನೋಡುತ್ತೆ. ನೈಟ್ರೋಜನ್ ಆಕ್ಸೈಡ್ ಅಳೆಯೋದೇ ಇಲ್ಲ. ಚೀಟಿ ಸಿಕ್ಕಿತು ಅಂದ್ರೆ ಗಾಳಿ ಶುದ್ಧ ಅಂತ ಅರ್ಥ ಅಲ್ಲ.

ಇನ್ನೊಂದು ಲೆಕ್ಕ. ಆ ಡಬ್ಬಿಯಲ್ಲಿರೋ ರೋಡಿಯಂ 2021ರಲ್ಲಿ ಚಿನ್ನದ ಹತ್ತು ಪಟ್ಟಿಗೂ ಜಾಸ್ತಿ ಬೆಲೆಗೆ ಹೋಗಿತ್ತು. ಒಂದು ಡಬ್ಬಿಯಲ್ಲಿ ಇರೋದು ಚೂರೇ ಚೂರು. ಆದ್ರೂ ಹಳೇ ಕನ್ವರ್ಟರ್‌ಗಳಿಗೆ ಗುಜರಿಯಲ್ಲಿ ಒಳ್ಳೇ ರೇಟ್ ಇದೆ. "ಪುಕ್ಕಟೆ ತೆಗೆದುಕೊಡ್ತೀವಿ, ಹಳೇದು ಇಲ್ಲೇ ಬಿಡಿ" ಅಂದ್ರೆ ಯಾರಿಗೆ ಲಾಭ ಅಂತ ಒಂದು ನಿಮಿಷ ಯೋಚಿಸಿ.

ನಿಜಕ್ಕೂ ಕಾರು ಎಳೀತಿಲ್ಲ ಅಂದ್ರೆ ಕನ್ವರ್ಟರ್ ಕಟ್ಟಿರಬಹುದು, ಕರಗಿರಬಹುದು. ಅದು ಆಗುತ್ತೆ. ಆಗ ಒತ್ತಡ ಪರೀಕ್ಷೆ ಮಾಡಿಸಿ. ಎಂಜಿನ್ ಆಯಿಲ್ ಸುಡ್ತಿದೆಯಾ, ಸ್ಪಾರ್ಕ್ ಪ್ಲಗ್ ಮಿಸ್ ಆಗ್ತಿದೆಯಾ ನೋಡಿಸಿ. ಮೂಲ ರೋಗ ವಾಸಿ ಮಾಡಿಸದೇ ಹೊಸ ಕನ್ವರ್ಟರ್ ಹಾಕಿದ್ರೆ ಅದೂ ಹಾಳಾಗುತ್ತೆ. ಬದಲಾಯಿಸೋದಾದ್ರೆ ನಿಮ್ಮ ಗಾಡಿಗೆ ಹೇಳಿದ್ದನ್ನೇ ಹಾಕಿಸಿ. ತೀರಾ ಅಗ್ಗದ್ದರಲ್ಲಿ ಆ ಲೋಹಗಳು ನೆಪಮಾತ್ರಕ್ಕೆ ಇರಬಹುದು. ಆಗ ಅದು ಬರೀ ಡಬ್ಬಿ.

ಕೊನೆಯ ಸಾಲು ಆ ಖಾತೆಯಲ್ಲಿ ಬರೋದೇ ಇಲ್ಲ. ಅದು ಬೇರೆಯವರ ಖಾತೆಗೆ ಹೋಗುತ್ತೆ. ಕೆ.ಆರ್. ಸರ್ಕಲ್‌ನಲ್ಲಿ ಎಂಟು ಗಂಟೆ ನಿಲ್ಲೋ ಟ್ರಾಫಿಕ್ ಪೊಲೀಸ್. ದೇವರಾಜ ಮಾರ್ಕೆಟ್ ಹೊರಗೆ ರಸ್ತೆ ಮಟ್ಟದಲ್ಲಿ ಕೂತು ಹೂವು ಮಾರೋ ಅಜ್ಜಿ. ಸಿಗ್ನಲ್‌ನಲ್ಲಿ ನಿಮ್ಮ ಪೈಪಿನ ಹಿಂದೆಯೇ ನಿಂತ ಸ್ಕೂಟರ್, ಅದರ ಮುಂದೆ ನಿಂತಿರೋ ಸ್ಕೂಲ್ ಮಗು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಹೋಗಿ ಕೂರುತ್ತೆ. ಲಾಭ ಒಬ್ಬರ ಖಾತೆಗೆ, ಖರ್ಚು ಊರಿನ ಖಾತೆಗೆ. ಕಾಮರ್ಸ್ ಕ್ಲಾಸಿನಲ್ಲಿ ಇದಕ್ಕೆ ಒಂದು ದೊಡ್ಡ ಹೆಸರಿದೆ. ಮನೆಯಲ್ಲಿ ಇದನ್ನ ಸಾಲ ಮಾಡಿ ಬೇರೆಯವರ ಹೆಸರಿಗೆ ಬರೆಸೋದು ಅಂತಾರೆ.

2015, 2016ರಲ್ಲಿ ದೇಶದ ಸ್ವಚ್ಛ ನಗರ ಅಂತ ಮೈಸೂರು ಮೊದಲ ಸ್ಥಾನ ತಗೊಂಡಾಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಆ ಪಟ್ಟಿಯಲ್ಲಿ ಮುಖ್ಯವಾಗಿ ನೋಡಿದ್ದು ಕಸ, ಶೌಚಾಲಯ, ಕಣ್ಣಿಗೆ ಕಾಣೋ ಸ್ವಚ್ಛತೆ. ಗಾಳಿ ಕಣ್ಣಿಗೆ ಕಾಣಲ್ಲ. ಅದನ್ನ ಸ್ವಚ್ಛ ಮಾಡೋ ಕೆಲಸ ಇವತ್ತು ಊರಿನ ಸಾವಿರಾರು ಗಾಡಿಗಳ ಹೊಟ್ಟೆಯಲ್ಲಿ, ಯಾರಿಗೂ ಕಾಣದ ಒಂದೊಂದು ಡಬ್ಬಿ ಮಾಡ್ತಿದೆ. ನಿಮ್ಮ ಗಾಡಿಯದ್ದನ್ನ ಅಲ್ಲೇ ಇರೋಕೆ ಬಿಡಿ.

ನಿಮ್ಮ ಮನೆಯಲ್ಲಿ ಯಾರಾದ್ರೂ ಐಡಿಯಲ್ ಜಾವಾದಲ್ಲಿ ಕೆಲಸ ಮಾಡಿದ್ರೆ ಒಂದು ಸಲ ಕೂರಿಸಿಕೊಂಡು ಮಾತಾಡಿಸಿ. 1996ರ ಬಗ್ಗೆ ಕೇಳಿ. ರೆಕಾರ್ಡ್ ಮಾಡಿಕೊಳ್ಳಿ, ಫೋನ್ ಕೈಯಲ್ಲೇ ಇದೆಯಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.